ಹೆಂಗಸಿಲ್ಲದ ಮನೆ

ಹಾಸಿಗೆ ಹಿಡಿದವರ ಮನೆಗೆ ಹಗಲು ಹೊತ್ತು ಸರ್ಕಾರ ಆಯಾ ಕಳಿಸುತ್ತದೆ. ಷರತ್ತು ಒಂದೇ: ನೋಡಿಕೊಳ್ಳಲು ಆ ಮನೆಯಲ್ಲಿ ಬೇರೆ ಹೆಂಗಸು ಇರಬಾರದು. ಗಂಡಸಿದ್ದರೆ ಅಡ್ಡಿಯಿಲ್ಲ, ನಿಯಮ ಅವನನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಅತ್ತೆಗೆ ಲಕ್ವ ಹೊಡೆದ ಮೇಲೆ ಸೊಸೆ ಶರ್ಟು ಹೊಲಿಯುವ ಕಾರ್ಖಾನೆಗೆ ರಜೆ ಹಾಕಿದ್ದಳು. ಕಾಲರ್ ಕೂರಿಸುವುದರಲ್ಲಿ ಅವಳದು ಪಳಗಿದ ಕೈ. ಅದಕ್ಕೇ ಸೂಪರ್‌ವೈಸರ್ ಇಷ್ಟು ದಿನ ಕಾದಿದ್ದ. ಸೋಮವಾರ ಬಾರದಿದ್ದರೆ ಅವಳ ಮಿಷನ್ನಿಗೆ ಬೇರೆಯವಳು ಎಂದು ಈಗ ಹೇಳಿಕಳಿಸಿದ್ದ. ಗಂಡ ರಾತ್ರಿಪಾಳಿಯ ಕಾವಲುಗಾರ, ಹಗಲಿಡೀ ನಿದ್ದೆ. ಆಯಾ ಸಿಕ್ಕರೆ ಮಾತ್ರ ಅವಳು ಕೆಲಸಕ್ಕೆ ಮರಳಬಹುದಿತ್ತು.

ಉಪಾಯ ಗಂಡನದೇ. ಆಯಾಗೆ ಹಾಕಿದ ಅರ್ಜಿಯ ತನಿಖೆಗೆ ಬರುವ ದಿನ ಅವಳು ಅಕ್ಕನ ಮನೆಗೆ ಹೋಗಬೇಕು. ಬಟ್ಟೆ, ಬಾಚಣಿಗೆ, ಚಪ್ಪಲಿ ಯಾವುದೂ ಕಣ್ಣಿಗೆ ಬೀಳಬಾರದು.

"ಸೊಸೆ ಬಿಟ್ಟುಹೋದಳು ಅಂದ್ಬಿಡಮ್ಮ, ಅಷ್ಟೇ."

"ಯಾಕೆ ಅಂತ ಕೇಳಿದ್ರೆ?"

"ನಿನ್ನ ಬಾಯಿಗೆ ಹೆದರಿ ಅನ್ನು. ಇಡೀ ಬೀದಿ ನಂಬುತ್ತೆ."

ತನಿಖೆಗೆ ಬಂದಾಕೆ ಮುದುಕಿಯನ್ನು ಮಗ್ಗುಲು ಹೊರಳಿಸಿ ಬೆನ್ನು ನೋಡಿದಳು. ಒಂದು ಹುಣ್ಣೂ ಇರಲಿಲ್ಲ.

"ಇಷ್ಟು ಚೆನ್ನಾಗಿ ಯಾರು ನೋಡ್ಕೋತಾರೆ?"

"ನಾನೇ," ಎಂದ ಮಗ.

"ಜಡೆನೂ ನೀವೇ ಹೆಣೀತೀರಾ?"

"ಕಲಿತೆ ಮೇಡಂ. ಇನ್ನೇನು ಮಾಡೋದು. ಹೆಂಡತಿ ಬಿಟ್ಟುಹೋದ್ಲು."

ಆಕೆ ಮುದುಕಿಯ ಕೈ ಸವರಿದಳು. "ಹೋಗ್ಲಿ ಬಿಡಿ ಅಜ್ಜಿ. ಮಲಗಿರೋ ಅತ್ತೇನ ಬಿಟ್ಟು ಓಡಿಹೋಗೋಳು ಮನುಷ್ಯಳೇ ಅಲ್ಲ."

"ನಾಲಿಗೆ ಬಿಗಿಹಿಡಿ ತಾಯಿ," ಎಂದಳು ಅತ್ತೆ. "ಬೆಳಿಗ್ಗೆ ನನ್ನ ಮೈ ಒರೆಸಿ ಹೋಗಿದ್ದಾಳೆ. ಸಂಜೆ ಬರ್ತಾಳೆ. ಅಂಥವಳನ್ನ ನೀನು ಕಂಡಿರಲಿಕ್ಕಿಲ್ಲ."

ಮಗ ಗೋಡೆ ನೋಡಿದ. ಆಕೆ ಪೆನ್ನಿಗೆ ಮುಚ್ಚಳ ಹಾಕಿದಳು.

"ನಮ್ಮನೇಲೂ ಮಾವ ಮಲಗಿದ್ದಾರೆ," ಎಂದಳು ಬಾಗಿಲಲ್ಲಿ. "ನಮಗೂ ಆಯಾ ಸಿಗಲಿಲ್ಲ. ನಾನಿದ್ದೀನಲ್ಲ."

ಸಂಜೆ ಸೊಸೆ ಹೊಸ್ತಿಲು ದಾಟುವ ಮೊದಲೇ ಅತ್ತೆ ಎಲ್ಲವನ್ನೂ ಹೇಳಿ ಮುಗಿಸಿದಳು.

"ಕಂಡೋರ ಮುಂದೆ ನಿನ್ನ ಮಾನ ಬಿಟ್ಟುಕೊಡಲಿಲ್ಲ ಕಣೇ."

ಸೊಸೆ ಗಂಡನ ಕಡೆ ನೋಡಿದಳು. ಅವನು ಕೆಲಸಕ್ಕೆ ಹೊರಡಲು ಶೂ ಕಟ್ಟಿಕೊಳ್ಳುತ್ತಿದ್ದ, ತಲೆ ಎತ್ತಲಿಲ್ಲ. ಅವಳು ಹಾಸಿಗೆ ಮುಟ್ಟಿ ನೋಡಿದಳು. ಬೆಳಿಗ್ಗೆಯಿಂದ ಯಾರೂ ಹಾಸಿದ ಬಟ್ಟೆ ಬದಲಿಸಿರಲಿಲ್ಲ.

"ಸೋಮವಾರ ಎಷ್ಟೊತ್ತಿಗೆ ಹೊರಡ್ತೀ?" ಅತ್ತೆ ಕೇಳಿದಳು.

"ಹೊರಡಲ್ಲ ಅತ್ತೆ. ಸ್ವಲ್ಪ ಈ ಕಡೆ ಹೊರಳಿ, ಒದ್ದೆಯಾಗಿದೆ."