ಹಳಬರ ಕರುಳು

ಮೂರನೇ ಇಲಿಯ ಕರುಳು ಖಾಲಿ ಇತ್ತು. ಶೈಸ್ತಾ ಅದನ್ನು ಇನ್ನೊಮ್ಮೆ ಉಪ್ಪುನೀರಿನಲ್ಲಿ ತೊಳೆದು ನೋಡಿದಳು. ಒಂದು ಹುಳುವೂ ಇಲ್ಲ.

ಇರಬೇಕಿತ್ತು. ಸಕಲೇಶಪುರದ ಆ ಲ್ಯಾಬಿನಲ್ಲಿ ಎರಡು ಪಂಜರ, ಒಂದೊಂದರಲ್ಲಿ ಆರು ಬಿಳಿ ಇಲಿ. ಒಂದರಲ್ಲಿದ್ದವಕ್ಕೆ ಹಿಂದೊಮ್ಮೆ ಲಾಡಿಹುಳು ಹತ್ತಿ ಬಿದ್ದುಹೋಗಿತ್ತು, ಅವು ಹಳಬರು. ಇನ್ನೊಂದರಲ್ಲಿದ್ದ ಹೊಸಬರು ಹುಳುವನ್ನೇ ಕಂಡಿರಲಿಲ್ಲ. ಎಂಟು ದಿನದ ಹಿಂದೆ ಹನ್ನೆರಡಕ್ಕೂ ಲಾಡಿಹುಳುವಿನ ಮರಿಗಳನ್ನು ಕುಡಿಸಿದ್ದಳು. ಹೊಸಬರಲ್ಲಿ ಹುಳು ಬೆಳೆದಿರಬೇಕು, ಹಳಬರ ಮೈ ಅದನ್ನು ಗುರುತು ಹಿಡಿದು ಹೊರಗಟ್ಟಿರಬೇಕು. ಹಾಗಾಗದಿದ್ದರೆ ಈ ವಿಷಯವನ್ನೇ ಬಿಡಬೇಕೆಂದು ಗೈಡ್ ಮಂಜುನಾಥ್ ಹೇಳಿದ್ದರು. ಎರಡು ವರ್ಷದ ಪಿಎಚ್.ಡಿ. ಕೆಲಸ. ಅವರು ಪಕ್ಕದ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು.

ಹೊಸಬರ ಪಂಜರದ ಮೊದಲ ಎರಡರಲ್ಲಿ ಬೆರಳುದ್ದದ ಹುಳುಗಳಿದ್ದವು. ಮೂರನೆಯದು ಖಾಲಿ. ಹಳಬರ ಪಂಜರದಿಂದ ಎರಡನ್ನು ತೆಗೆದು ಕೊಯ್ದಳು. ಮೊದಲನೆಯದು ಖಾಲಿ, ಎರಡನೆಯದರಲ್ಲಿ ನಾಲ್ಕು ಹುಳು.

ಮಂಜುನಾಥ್ ಎದ್ದರು. ಇರಬೇಕಾದ ಕಡೆ ಇಲ್ಲ, ಇರಬಾರದ ಕಡೆ ಇದೆ. ಇದರಲ್ಲಿ ಬರೆಯುವಂಥದ್ದೇನೂ ಇಲ್ಲ ಎಂದರು. ನಾಳೆಯಿಂದ ಬೇರೆ ವಿಷಯ ಹುಡುಕಲು ಹೇಳಿದರು.

ಟ್ರೇ ತೊಳೆಯುತ್ತಿದ್ದ ಅಟೆಂಡರ್ ಗುಂಡಯ್ಯ ತಿರುಗಿ ನೋಡಿದ. ಕುಂದೂರಿನವನು. ಇಲ್ಲಿಗೆ ಬರುವ ಮುಂಚೆ ಇಪ್ಪತ್ತು ವರ್ಷ ಎಸ್ಟೇಟಿನ ಕಾಫಿ ಸ್ಟೋರಿನಲ್ಲಿ ಮೂಟೆಗಳನ್ನು ನೋಡಿಕೊಂಡಿದ್ದವನು.

“ಆ ನಾಕು ಹುಳ ಇದ್ದ ಇಲಿ ಹಳಬರ ಗೂಡಿಂದಲ್ಲ ಕಣಮ್ಮ,” ಎಂದ.

ಕಳೆದ ಸೋಮವಾರ ಶೈಸ್ತಾ ಆಲೂರಿಗೆ ಹೋಗಿದ್ದಾಗ ಹಳಬರಲ್ಲಿ ಎರಡನ್ನು ಉಳಿದವು ಸೇರಿ ಕಚ್ಚುತ್ತಿದ್ದವು. ಗುಂಡಯ್ಯ ಅವೆರಡನ್ನು ಹೊಸಬರ ಕಡೆಗೆ ಬಿಟ್ಟು, ಅಲ್ಲಿಂದ ಎರಡನ್ನು ಹಳಬರ ಪಂಜರಕ್ಕೆ ಹಾಕಿದ್ದನಂತೆ. ಎರಡು ಕಡೆಯೂ ಆರಾರೇ ಇದ್ದುದರಿಂದ ಹೇಳಬೇಕೆಂದು ಅನ್ನಿಸಿರಲಿಲ್ಲ.

ಶೈಸ್ತಾಗೆ ಅವನ ಕಪಾಳಕ್ಕೆ ಹೊಡೆಯಬೇಕೆನ್ನಿಸಿತು. ಯಾವುದು ಯಾವುದೆಂದು ಈಗ ಹೇಗೆ ಹೇಳುವುದು ಎಂದು ಕೇಳಿದಳು.

“ಮಾರ್ಕ್ ಮಾಡ್ದೆ ಯಾವ್ ಮೂಟೇನೂ ಒಂದ್ ಲಾಟಿಂದ ಇನ್ನೊಂದಕ್ಕೆ ಹಾಕಲ್ಲ ನಾನು. ಗೂಡು ಬದಲಾದ ನಾಲ್ಕಕ್ಕೂ ಚುಕ್ಕೆ ಇಟ್ಟಿದೀನಿ, ಬಾಲ ಎತ್ತಿ ನೋಡಿ.”

ಖಾಲಿ ಕರುಳಿನ ಆ ಮೂರನೇ ಇಲಿಯ ಬಾಲ ಎತ್ತಿದಳು. ಬುಡದಲ್ಲಿ ಒಂದು ನೀಲಿ ಚುಕ್ಕೆ. ನಾಲ್ಕು ಹುಳುವಿದ್ದ ಇಲಿಯ ಬಾಲ ಎತ್ತಿದಳು. ಅಲ್ಲೂ ಚುಕ್ಕೆ. ಉಳಿದ ಮೂರಕ್ಕೆ ಇಲ್ಲ. ಎರಡು ಬಾಲಗಳನ್ನೂ ಮಂಜುನಾಥ್‌ಗೆ ತೋರಿಸಿದಳು.

ಫಲಿತಾಂಶ ಬಂದ ಮೇಲೆ ಕಥೆ ಹೊಂದಿಸುವುದು ಸುಲಭ ಎಂದರು ಮಂಜುನಾಥ್. ಗುಂಡಯ್ಯನ ಮಾತನ್ನು ತಾವು ನೋಟ್ಸಿನಲ್ಲಿ ಬರೆಯಲಾಗದು ಎಂದೂ ಹೇಳಿದರು.

“ಕೊಯ್ಯೋಕೆ ಮುಂಚೆ ಹೇಳಿದ್ರೆ?” ಎಂದಳು ಶೈಸ್ತಾ. “ಇನ್ನೂ ಏಳು ಇದಾವೆ ಸರ್. ಯಾವುದು ಹಳಬ, ಯಾವುದು ಹೊಸಬ ಅಂತ ಗುಂಡಯ್ಯ ಹೇಳಲಿ. ನೀವು ಬರ್ಕೊಂಡು ಜೇಬಲ್ಲಿಟ್ಕೊಳ್ಳಿ.”

ಅವರು ಗಡಿಯಾರ ನೋಡಿದರು. ಆಮೇಲೆ ಕೂತರು.

ಗುಂಡಯ್ಯ ಒಂದೊಂದನ್ನೇ ಹಿಡಿದು ಬಾಲದಡಿ ನೋಡಿ ಹಳಬ, ಹೊಸಬ ಎಂದು ಕೂಗಿದ. ಶೈಸ್ತಾ ನಂಬರು ಹಾಕಿದಳು, ಮಂಜುನಾಥ್ ಬರೆದುಕೊಂಡರು. ನಾಲ್ಕು ಹಳಬರು, ಮೂರು ಹೊಸಬರು. ಕ್ಲೋರೋಫಾರ್ಮ್ ವಾಸನೆಗೆ ತಲೆ ಭಾರವಾಗಿದ್ದರೂ ಅವಳ ಕೈ ನಿಲ್ಲಲಿಲ್ಲ. ಒಂದನೆಯದು ಹೊಸಬ: ಐದು ಹುಳು. ಎರಡನೆಯದು ಹಳಬ: ಖಾಲಿ. ಮೂರು, ನಾಲ್ಕು, ಐದು, ಎಲ್ಲ ಸರಿ. ಆರನೆಯದಕ್ಕೆ ಮಂಜುನಾಥ್ ಸ್ಟೂಲು ಬಿಟ್ಟೆದ್ದು ಅವಳ ಭುಜದ ಪಕ್ಕ ಬಗ್ಗಿ ನಿಂತಿದ್ದರು. ಅದೂ ಸರಿ.

ಏಳನೆಯದು ಹಳಬ. ಕರುಳಿನ ಗೋಡೆಗೆ ಬಿಳಿ ನೂಲಿನಂಥದ್ದೊಂದು ಅಂಟಿಕೊಂಡಿತ್ತು.

“ತಪ್ಪಾಯ್ತಲ್ಲ ಗುಂಡಯ್ಯ,” ಎಂದರು ಮಂಜುನಾಥ್.

“ಚುಕ್ಕೆ ಇಲ್ಲ ಸಾ. ಅದು ಆ ಗೂಡಿಂದೇಯ. ಹಳಬನೇ.”

ಶೈಸ್ತಾ ಅದನ್ನು ಬಿಡಿಸಿ ಮೈಕ್ರೋಸ್ಕೋಪಿನಡಿ ಇಟ್ಟಳು. ತಲೆ ಇತ್ತು, ಕುತ್ತಿಗೆ ಇತ್ತು. ಅದರಾಚೆ ಮೈಯೇ ಇಲ್ಲ. ಅದೇ ದಿನ ಕುಡಿಸಿದ ಮರಿ ಹೊಸಬರಲ್ಲಿ ಬೆರಳುದ್ದ ಆಗಿದ್ದರೆ ಇಲ್ಲಿ ಅಕ್ಕಿಕಾಳಿನಷ್ಟೂ ಇರಲಿಲ್ಲ. ಹುಳು ಹೇಗೆ ಹೋಗುತ್ತದೆಂಬುದನ್ನು ಖಾಲಿ ಕರುಳುಗಳು ತೋರಿಸಿರಲಿಲ್ಲ.

“ಸರ್, ಇದರ ಮೈ ಹುಳೂನ ಇನ್ನೂ ಹೊರಗೆ ಹಾಕಿಲ್ಲ, ಹಾಕ್ತಾ ಇದೆ,” ಎಂದಳು. “ಅರ್ಧಕ್ಕೇ ಕೊಯ್ದಿದ್ದೀವಿ ನಾವು.”

ಮಂಜುನಾಥ್ ಅವಳನ್ನು ಸರಿಸಿ ತಾವೇ ಕಣ್ಣಿಟ್ಟರು. ತುಂಬ ಹೊತ್ತು ಮೇಲೇಳಲಿಲ್ಲ. ಮುಂದಿನ ಸಲ ನಲವತ್ತು ಇಲಿ ಬೇಕು, ಗುಂಡಯ್ಯ ಪಂಜರ ಮುಟ್ಟಿದರೆ ಬರೆದಿಡಬೇಕು ಎಂದರು. ಆಮೇಲೆ ಕಣ್ಣು ತೆಗೆಯದೆಯೇ, ಚಿತ್ರ ಬರೆಯಲು ಪೆನ್ಸಿಲ್ಲಿಗೆ ಕೈ ಚಾಚಿದರು.