ಎರಡು ಬಾವುಟ

ಆಸ್ಟ್ರೇಲಿಯಾದ ಗೋಧಿಸೀಮೆಯ ಕುರಾಂಗ್ ಊರಿನ ಹೆಂಗಸರ ಫುಟಿ, ಅಂದರೆ ಅಲ್ಲಿನ ಫುಟ್‌ಬಾಲ್, ತಂಡದಲ್ಲಿ ಮೆರಿನ್ ಹನ್ನೆರಡು ವರ್ಷ ಆಡಿದ್ದಳು. ಒಂದೇ ಒಂದು ಗೋಲು ಹೊಡೆದಿರಲಿಲ್ಲ. ಹೊಡೆಯುವುದಾದರೂ ಹೇಗೆ? ಅವಳ ಜಾಗವೇ ಹಿಂದೆ, ತನ್ನವರ ಗೋಲಿನ ಬಾಗಿಲಲ್ಲಿ. ನುಗ್ಗಿ ಬಂದವರನ್ನು ಕೆಡವಿ, ಮೊಟ್ಟೆಯಂಥ ಆ ಚೆಂಡನ್ನು ಕಿತ್ತುಕೊಂಡು ಮುಂದಿನವರಿಗೆ ಒದೆಯುವುದಷ್ಟೇ ಅವಳ ಪಾಲಿನ ಕೆಲಸ. ಈಗ ವಯಸ್ಸು ನಲವತ್ತೊಂದು, ಮಂಡಿಗಳೆರಡೂ ಕೈಕೊಟ್ಟಿವೆ. ಈ ಶನಿವಾರದ್ದು ಕೊನೆಯ ಆಟ. ಇದರಲ್ಲಾದರೂ ಒಂದು ಗೋಲು ಬೇಕೇಬೇಕು ಅಂತ ಅವಳಿಗೆ ಹಠ.

ಹಠ ಅಪ್ಪನ ಮೇಲೆ. ಗೋಲುಗಂಬಗಳ ಹಿಂದೆ ಬಿಳಿ ಕೋಟು, ಬಿಳಿ ಟೊಪ್ಪಿ ಹಾಕಿ ನಿಲ್ಲುವ ತೀರ್ಪುಗಾರ ಡೆಸ್ ಅವಳಪ್ಪ. ನಡುಗಂಬಗಳ ಮಧ್ಯೆ ಚೆಂಡು ಹೋದರೆ ಎರಡು ಬಾವುಟ, ಆರು ಅಂಕ. ಕಂಬಕ್ಕೆ ತಾಗಿದರೆ ಒಂದು ಬಾವುಟ, ಒಂದೇ ಅಂಕ. ಯಾವುದಕ್ಕೂ ಅವನ ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಮೆರಿನ್ ಹದಿನಾಲ್ಕರವರೆಗೆ ಹುಡುಗರ ಜೊತೆ ಆಡಿ ಎಲ್ಲರಿಗೂ ನೀರು ಕುಡಿಸಿದ್ದಳು. ಆಮೇಲೆ ಹುಡುಗಿಯರು ಆಡುವಂತಿಲ್ಲ ಅಂತ ನಿಯಮ ಅಡ್ಡ ಬಂತು. ಥೂ, ಅದೆಂಥ ನಿಯಮವೋ! ಅವಳನ್ನು ಮೈದಾನದಿಂದ ಮನೆಗೆ ಕರೆದುಕೊಂಡು ಹೋದವನು ಅಪ್ಪನೇ. ಊರಿಗೊಂದು ಹೆಂಗಸರ ತಂಡ ಬರುವ ಹೊತ್ತಿಗೆ ಅವಳಿಗೆ ಇಪ್ಪತ್ತೊಂಬತ್ತು.

ಕೊನೆಯ ಸುತ್ತಿಗೆ ಕುರಾಂಗ್ ನಲವತ್ತು ಅಂಕ ಮುಂದಿತ್ತು. ನಾಯಕಿ ತಾಲಿಯಾ ಬಂದು ಬೆನ್ನು ತಟ್ಟಿದಳು. "ಮೆರ್, ನೀನು ಮುಂದೆ ಹೋಗು."

"ನನ್ನ ಕಾಲಿಗೆ ಅಭ್ಯಾಸ ಇಲ್ಲ ಕಣೇ."

"ಕಾಲು ನಿಂದೇ ತಾನೆ, ಬಾಡಿಗೇದಲ್ವಲ್ಲ? ನಡಿ!"

ಹತ್ತು ನಿಮಿಷದಲ್ಲಿ ಚೆಂಡು ಸಿಕ್ಕಿತು. ಒದ್ದಳು. ಮೈದಾನದ ಸುತ್ತ ನಿಂತಿದ್ದ ಕಾರುಗಳೆಲ್ಲ ಹಾರ್ನ್ ಶುರುಮಾಡಿದವು. ಡೆಸ್ ಮಾತ್ರ ಒಂದೇ ಬಾವುಟ ಎತ್ತಿ ಬೀಸಿದ.

"ಅಪ್ಪಾ, ಕಂಬಕ್ಕೆ ತಾಗಿತೋ ಇಲ್ಲವೋ ಅನ್ನೋ ಹಾಗಿತ್ತು!"

"ಸದ್ದು ಕೇಳಿಸ್ತು."

"ನಿಂಗೆ ಕಿವಿ ಮಂದ ಅಂತ ಅಮ್ಮ ದಿನಾ ಬಯ್ತಾಳೆ!"

"ಕಂಬದ್ದು ಕೇಳಿಸುತ್ತೆ."

ಮೆರಿನ್‌ಗೆ ಅಳುವೂ ಬಂತು, ನಗುವೂ ಬಂತು.

ಇನ್ನು ಎರಡೇ ನಿಮಿಷ. ತಾಲಿಯಾಳ ಎದುರು ಗೋಲು ಬಟಾಬಯಲಾಗಿತ್ತು. ಆದರೂ ಅವಳು ಒದೆಯದೆ, ಹಿಂದೆ ಏದುಸಿರು ಬಿಡುತ್ತ ಓಡಿ ಬರುತ್ತಿದ್ದ ಮೆರಿನ್ ಕಡೆ ಚೆಂಡನ್ನು ಆ ಆಟದ ರೀತಿಯಲ್ಲಿ ಮುಷ್ಟಿಯಿಂದ ಗುದ್ದಿ ಕಳಿಸಿದಳು. ಮೆರಿನ್ ಹಲ್ಲುಕಚ್ಚಿ ಒದ್ದಳು. ಚೆಂಡು ನೆಲಕ್ಕೆ ಬಿತ್ತು, ಕಂಬದ ಕಡೆ ಹೊರಳಿತು, ಅಯ್ಯೋ ಅನ್ನುವಷ್ಟರಲ್ಲಿ ಒಳಕ್ಕೆ ಪುಟಿದು ದಾಟಿಯೇಬಿಟ್ಟಿತು!

ಜೀವಮಾನದ ಮೊದಲ ಗೋಲು ಹೊಡೆದವಳನ್ನು ಇಡೀ ತಂಡ ಓಡಿಬಂದು ಮುತ್ತಿಕೊಳ್ಳಬೇಕು, ಅದು ಅಲ್ಲಿನ ಪದ್ಧತಿ. ಎಲ್ಲರೂ ಬಂದು ಅವಳ ಮೇಲೆ ಬಿದ್ದರು, ಮೇಲೆತ್ತಿದರು. ಡೆಸ್ ಮಾತ್ರ ಕದಲಲಿಲ್ಲ. ಮೈದಾನದ ತೀರ್ಪುಗಾರ ಕೈಯೆತ್ತಿ ಅಪ್ಪಣೆ ಕೊಡದೆ ಬಾವುಟ ಎತ್ತುವಂತಿಲ್ಲ. ಆ ಪುಣ್ಯಾತ್ಮ ನಗುತ್ತ ಮೈಮರೆತಿದ್ದ.

"ಏನಯ್ಯಾ, ಅಪ್ಪಣೆ ಕೊಡ್ತೀಯೋ ಇಲ್ವೋ?" ಅಂತ ಡೆಸ್ ಗುಡುಗಿದ. ಮೈದಾನದಲ್ಲಿ ಅವನು ಕೂಗಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಕೈ ಮೇಲಕ್ಕೆದ್ದಿತು. ಎರಡು ಬಾವುಟ ಎದ್ದವು. ಮೈದಾನದ ಆ ತುದಿಯ ಗೋಲಿನ ತೀರ್ಪುಗಾರನೂ ಬಾವುಟ ಬೀಸಿ ಒಪ್ಪಿದ. ಅಲ್ಲಿಗೆ ಮುಗಿಯಬೇಕು. ಡೆಸ್ ನಿಲ್ಲಿಸಲಿಲ್ಲ. ಆ ತುದಿಯವನು ಗೊಂದಲದಲ್ಲಿ ಮತ್ತೆ ಬೀಸಿದ. ಡೆಸ್ ಇನ್ನೂ ಬೀಸುತ್ತಲೇ ಇದ್ದ.

"ಅಪ್ಪಾ, ಸಾಕು, ಎಲ್ರಿಗೂ ಕಾಣಿಸ್ತು!" ಹೆಗಲುಗಳ ಮೇಲಿಂದ ಮೆರಿನ್ ಕೂಗಿದಳು.

"ಸುಮ್ನಿರೇ! ನಿನ್ನ ಆವತ್ತು ಮನೆಗೆ ಕರ್ಕೊಂಡು ಹೋದಾಗಿಂದ ಇದಕ್ಕೇ ಕಾಯ್ತಿದ್ದೆ," ಅಂದ ಡೆಸ್. ಟೊಪ್ಪಿ ಕೆಳಗೆ ಬಿದ್ದಿತ್ತು. ಅವನು ನಗುತ್ತಿದ್ದ.