ಬುಧವಾರದ ತೋಳು

ಆಲ್ಡರ್‌ಕೂಂಬ್ ಹಳ್ಳಿಯಲ್ಲಿ ಡಾಕ್ಟರ್ ಗಿಡಿಯನ್ ಥರ್ಲೋ ಎಂದರೆ ಹಟಮಾರಿ ಎಂದೇ ಹೆಸರು. ಆ ಹಟ ಇಲ್ಲದಿದ್ದರೆ ಊರಿನ ಎಷ್ಟೋ ಮಕ್ಕಳು ಉಳಿಯುತ್ತಿರಲಿಲ್ಲ, ಅದನ್ನು ಎಲ್ಲರೂ ಒಪ್ಪುತ್ತಾರೆ. ಆ ಹಟಕ್ಕೆ ಅವನು ಏನು ತೆತ್ತ ಎಂಬ ಮಾತು ಬಂದರೆ ಮಾತ್ರ ವಿಷಯ ಬದಲಿಸುತ್ತಾರೆ.

ಸಿಡುಬಿಗೆ ದಾಕು ಹಾಕುವುದು ಆಗಿನ್ನೂ ಹೊಸ ವಿದ್ಯೆ. ಹಸುವಿನ ಕೆಚ್ಚಲಿಗೆ ಬರುವ ಸೌಮ್ಯವಾದ ಸಿಡುಬಿನ ರಸವನ್ನು ಮಗುವಿನ ತೋಳು ಗೀರಿ ಹಚ್ಚಿದರೆ, ಎಂಟನೆಯ ದಿನಕ್ಕೆ ಅಲ್ಲೊಂದು ಗುಳ್ಳೆ ಮಾಗುತ್ತದೆ. ಆ ಗುಳ್ಳೆಯ ನೀರನ್ನು ಅಂದೇ ಇನ್ನೊಂದು ಮಗುವಿನ ತೋಳಿಗೆ ದಾಟಿಸಬೇಕು. ಒಂದು ತೋಳು ಒಂದೇ ಸಲಕ್ಕೆ ಬರುವುದು. ಒಂದು ವಾರ ತಪ್ಪಿತೋ, ರಸ ಸತ್ತಂತೆಯೇ. ಥರ್ಲೋಗೆ ಅದು ಸಿಕ್ಕಿದ್ದು ಎರಡು ವರ್ಷದ ಹಿಂದೆ, ಹಾಲು ಕರೆಯುವ ಹುಡುಗಿಯೊಬ್ಬಳ ಕೈಮೇಲಿನ ಗುಳ್ಳೆಯಿಂದ. ಆಮೇಲೆ ಕಣಿವೆಯ ಯಾವ ಹಸುವಿನಲ್ಲೂ ಅದು ಕಾಣಿಸಲಿಲ್ಲ. ದಾರಕ್ಕೆ ಹಚ್ಚಿ ಒಣಗಿಸಿ ಬಾತ್ ಪಟ್ಟಣದಿಂದ ತರಿಸಿದ ರಸ ಮೂರು ಸಲವೂ ಕೆಲಸಕ್ಕೆ ಬರಲಿಲ್ಲ.

ಹಾಗಾಗಿ ಮಕ್ಕಳನ್ನು ಸರದಿಯ ಮೇಲೆ ಕರೆದ. ಬುಧವಾರಕ್ಕೆ ಒಂದು ಮಗು, ಹೆಚ್ಚಲ್ಲ; ಊರಿನ ತೋಳುಗಳು ಬೇಗ ಮುಗಿದುಹೋಗಬಾರದಲ್ಲ. ಆದರೆ ತಾಯಂದಿರ ಮನಸ್ಸು ರಾತ್ರಿ ಬೆಳಗಾಗುವುದರೊಳಗೆ ಬದಲಾಗುತ್ತದೆ. ಮಾತು ಕೊಟ್ಟವಳು ಬಾರದೆ ಹೋದ ವಾರ ಏನು ಗತಿ? ಅದಕ್ಕೆಂದು ಥರ್ಲೋ ಒಂದು ತೋಳನ್ನು ಕಾದಿರಿಸಿಕೊಂಡಿದ್ದ. ಆ ತೋಳು ಅವನ ಮಗಳು ಹೆಸ್ಟರಳದು. ಆರು ವರ್ಷದ ಮಗು, ತಾಯಿಯಿಲ್ಲದ್ದು.

ಮನೆ ನೋಡಿಕೊಳ್ಳುತ್ತಿದ್ದ ತಂಗಿ ಲೆಟಿಸ್ ರೇಗುತ್ತಿದ್ದಳು. "ಊರಿನ ಮಕ್ಕಳಿಗೆಲ್ಲ ಹಾಕ್ತೀಯ, ಮನೆ ಮಗೂನ ಬಿಟ್ಟಿದೀಯಲ್ಲ ಅಣ್ಣಾ! ಅವಳೇನು ಉಪ್ಪು ಹಚ್ಚಿ ಒಣಗಿಸಿದ ಹಂದಿತೊಡೆನಾ, ಕಷ್ಟಕಾಲಕ್ಕೆ ಆಗತ್ತೆ ಅಂತ ಸೂರಿಗೆ ನೇತು ಹಾಕೋಕೆ?"

"ಇನ್ನೂ ಇಪ್ಪತ್ತು ಮನೆ ಬಾಕಿ ಇದೆ ಲೆಟಿಸ್. ಇವಳೊಬ್ಬಳು ಕೈಲಿದ್ರೆ ನಂಗೆ ಧೈರ್ಯ."

"ಧೈರ್ಯ ನಿಂಗೆ. ಎದೆ ಹೊಡ್ಕೊಳ್ಳೋದು ನಂಗೆ."

ಬುದ್ಧಿವಂತರು ಮಾಡುವ ತಪ್ಪೇ ಹೀಗೆ, ಯಾರು ಯಾವ ಕಡೆಯಿಂದ ನೋಡಿದರೂ ಸರಿಯೆಂದೇ ತೋರುತ್ತದೆ. ಹೆಸ್ಟರ್ ಮಾತ್ರ ಪ್ರತಿ ಬುಧವಾರ ಬೆಳಿಗ್ಗೆ ತೋಳು ಮಡಚಿಕೊಂಡು ಬಂದು ಅಪ್ಪನ ಕುರ್ಚಿಯ ಪಕ್ಕ ನಿಲ್ಲುತ್ತಿದ್ದಳು. "ಇವತ್ತು ನನ್ನ ಸರದಿನಾ ಅಪ್ಪಾ?" ಸರದಿಯ ಮಗು ಬಾಗಿಲಿಗೆ ಬಂದ ಮೇಲೆ ತೋಳು ಇಳಿಸಿಕೊಂಡು ಆಡಲು ಹೋಗುತ್ತಿದ್ದಳು.

ಊರಲ್ಲಿ ಯಾರಿಗೂ ಬಗ್ಗದವಳೆಂದರೆ ಗಾಡಿಯವನ ಹೆಂಡತಿ ಡಾರ್ಕಸ್ ಪೆಗ್ಲರ್. ಚಿಕ್ಕಂದಿನಲ್ಲಿ ಸಿಡುಬು ಎದ್ದು ಬದುಕಿದವಳು, ಮುಖದ ತುಂಬ ಕಲೆ, ಮನೆಯ ತುಂಬ ನಾಲ್ಕು ಮಕ್ಕಳು. ಥರ್ಲೋ ಕೇಳಲು ಹೋದಾಗ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ದನದ ಕೀವು ಹಾಕಿ ನನ್ ಮಕ್ಕಳಿಗೆ ಕೊಂಬು ಮೂಡಿಸ್ತೀರಾ ಡಾಕ್ಟ್ರೇ? ಈಗ್ಲೇ ನನ್ ಗಂಡ ಎತ್ತಿನ ಥರ ತಿಂತಾನೆ. ಮಕ್ಕಳೂ ಹುಲ್ಲು ಕೇಳಿದ್ರೆ ಎಲ್ಲಿಂದ ತರ್ಲಿ?"

"ಕೊಂಬು ಬಂದ್ರೆ ಗರಗಸ ನಾನೇ ತರ್ತೀನಿ ಕಣಮ್ಮ."

"ಅಷ್ಟು ಒಳ್ಳೇದಾಗಿದ್ರೆ ನಿಮ್ ಮಗಳಿಗೇ ಯಾಕೆ ಹಾಕಿಲ್ಲ?"

ಥರ್ಲೋ ತೋಳಿನಿಂದ ತೋಳಿಗೆ ದಾಟುವ ತನ್ನ ಸರಪಣಿಯ ವಿಚಾರವನ್ನೆಲ್ಲ ಬಿಡಿಸಿ ಹೇಳಿದ. ಕೊನೆಯ ಕೊಂಡಿಯನ್ನು ಯಾಕೆ ಕೈಯಲ್ಲಿ ಇಟ್ಟುಕೊಳ್ಳಬೇಕು ಎಂಬುದನ್ನೂ ಹೇಳಿದ. ಡಾರ್ಕಸ್ ಗಮನವಿಟ್ಟು ಕೇಳಿ, ಗಟ್ಟಿಯಾಗಿ ನಕ್ಕು, ಬಾಗಿಲು ಹಾಕಿಕೊಂಡಳು.

ಮಾರ್ಚ್ ತಿಂಗಳ ಒಂದು ಮಂಗಳವಾರ ರಿಬ್ಬನ್ ಮಾರುವವನೊಬ್ಬ ಡಾಕ್ಟರ ಮನೆಯ ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಂಡ. ಥರ್ಲೋ ಮನೆಯಲ್ಲಿರಲಿಲ್ಲ. ಮಾರುವವನ ಮುಖದ ಮೇಲೆ ನಾಲ್ಕಾರು ಕೆಂಪು ಚುಕ್ಕೆಗಳಿದ್ದವು, ಹೆಂಡದಂಗಡಿಯ ತಿಗಣೆ ಕಚ್ಚಿದ್ದು ಎಂದ. ಹೆಸ್ಟರಳ ಕೂದಲಿಗೆ ತಾನೇ ನೀಲಿ ರಿಬ್ಬನ್ ಕಟ್ಟಿ ಹೋದ. ಮರುದಿನ ಬುಧವಾರ. ಅದೇ ರಿಬ್ಬನ್ ಕಟ್ಟಿಕೊಂಡು, ತೋಳು ಮಡಚಿ, ಅವಳು ಅಪ್ಪನ ಪಕ್ಕ ಬಂದು ನಿಂತಳು.

"ಇವತ್ತು ನನ್ನ ಸರದಿನಾ?"

ಕುಂಬಾರನ ಹೆಂಡತಿ ಆಗಲೇ ಮಗನನ್ನು ಎತ್ತಿಕೊಂಡು ಬಂದಿದ್ದಳು.

"ಇವತ್ತಲ್ಲ ಪುಟ್ಟಿ. ಮುಂದಿನ ವಾರ ನೋಡೋಣ."

ಅಂದು ಹಾಕಿದ್ದರೆ ಅವಳು ಉಳಿಯುತ್ತಿದ್ದಳು. ಸೋಂಕು ತಗುಲಿ ಎರಡು ಮೂರು ದಿನದೊಳಗೆ ಹಾಕಿದ ದಾಕು ತಡೆಯಬಲ್ಲದು ಎಂದು ಅವನಿಗೆ ತಿಳಿದಿತ್ತು. ರಿಬ್ಬನ್ ಮಾರುವವನು ಪಕ್ಕದೂರಿನಲ್ಲಿ ಸಿಡುಬಿನಿಂದ ಸತ್ತ ಸುದ್ದಿ ಬರುವ ಹೊತ್ತಿಗೆ ಹನ್ನೆರಡು ದಿನ ಕಳೆದು, ಮುಂದಿನ ಬುಧವಾರವೂ ಬೇರೆ ಮಗುವಿನ ಸರದಿಯಾಗಿ ಹೋಗಿತ್ತು, ಹೆಸ್ಟರ್ ಜ್ವರದಿಂದ ಮಲಗಿದ್ದಳು.

ಮೂರು ದಿನ ಕಳೆದು ಬಂದ ಬುಧವಾರ ಥರ್ಲೋ ಬಟ್ಟೆ ಬದಲಿಸಿ, ವಿನೆಗರಿನಲ್ಲಿ ಕೈ ತೊಳೆದು, ಚರ್ಚಿನ ಮೊಗಸಾಲೆಗೆ ಹೋಗಿ ಬಡಗಿಯ ಕೂಸಿಗೆ ದಾಕು ಹಾಕಿ ಬಂದ. ಆಗ ಹೆಸ್ಟರಳಿಗೆ ಪ್ರಜ್ಞೆಯಿತ್ತು. ಬೊಕ್ಕೆ ಎದ್ದ ತೋಳನ್ನು ಹೊದಿಕೆಯಿಂದ ಈಚೆ ತೆಗೆದು, "ನಂದು ಇನ್ನು ಬೇಡ್ವಾ ಅಪ್ಪಾ?" ಎಂದು ಕೇಳಿದಳು. ಅವನು ಆ ತೋಳನ್ನು ಮತ್ತೆ ಹೊದಿಕೆಯೊಳಗೆ ಸೇರಿಸಿದ.

ಸೋಮವಾರ ಮಗು ಹೋಯಿತು. ಆ ಮನೆಯ ಹೊಸ್ತಿಲು ತುಳಿಯಲು ಊರೇ ಹೆದರಿತ್ತು. ಬಂದವಳು ಡಾರ್ಕಸ್ ಒಬ್ಬಳೇ. "ನಂಗೆ ಒಂದ್ಸಲ ಬಂದು ಹೋಗಿದೆ, ಇನ್ನೇನ್ ಮಾಡತ್ತೆ?" ಎಂದು ಒಳಗೆ ಹೋಗಿ, ಮೈ ತೊಳೆದು, ಬಿಳಿ ಬಟ್ಟೆ ಉಡಿಸಿದಳು. ಆ ಮುಖವನ್ನು ತುಂಬ ಹೊತ್ತು ನೋಡಿದಳು. ನೀಲಿ ರಿಬ್ಬನ್ನನ್ನು ಒಲೆಗೆ ಹಾಕಿದಳು. ಮಂಗಳವಾರ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು.

ಬುಧವಾರ ಬಂದೇ ಬಂತು. ಥರ್ಲೋ ಮೊಗಸಾಲೆಯ ಕಲ್ಲುಬೆಂಚಿನ ಮೇಲೆ ಕೂತ. ಎದುರಿಗೆ ಬಡಗಿಯ ಹೆಂಡತಿ, ಅವಳ ಕೂಸಿನ ತೋಳಿನಲ್ಲಿ ಚೆನ್ನಾಗಿ ಮಾಗಿದ ಗುಳ್ಳೆ. ಬರುತ್ತೇನೆಂದಿದ್ದ ಕಮ್ಮಾರನ ಹೆಂಡತಿ ಬರಲಿಲ್ಲ. ಚರ್ಚಿನ ಗಡಿಯಾರ ಹತ್ತು ಹೊಡೆಯಿತು, ಹನ್ನೊಂದು ಹೊಡೆಯಿತು. ಎರಡು ವರ್ಷ ಅವನು ಹೆದರಿಕೊಂಡು ಕಾದಿದ್ದ ದಿನ ಇದೇ. ಮಗಳನ್ನು ಕಾದಿರಿಸಿದ್ದು ಈ ದಿನಕ್ಕಾಗಿಯೇ. ಅವಳು ಇಪ್ಪತ್ತು ಹೆಜ್ಜೆ ಆಚೆ ಹಸಿ ಮಣ್ಣಿನ ಕೆಳಗಿದ್ದಳು.

ಆಗ ಗೇಟು ಕಿರುಗುಟ್ಟಿತು. ಡಾರ್ಕಸ್ ಮೂರು ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಬರುತ್ತಿದ್ದಳು.

"ಅವತ್ತು ಆಡಬಾರದ ಮಾತಾಡ್ಬಿಟ್ಟೆ ಡಾಕ್ಟ್ರೇ. ತಗೊಳ್ಳಿ, ಇವರಿಗೆ ಹಾಕಿ."

ಅವನು ಒಬ್ಬೊಬ್ಬರ ತೋಳನ್ನೂ ಗೀರಿ ರಸ ಹಚ್ಚಿದ. ಮೂರನೆಯವನದು ಮುಗಿದಾಗ ತಲೆಯೆತ್ತಿದ.

"ನಿಂಗೆ ನಾಲ್ಕು ಜನ ಅಲ್ವೇನಮ್ಮಾ? ಚಿಕ್ಕವಳೆಲ್ಲಿ?"

"ಕೆಜಿಯಾನಾ? ಮನೇಲಿ ಬಿಟ್ಬಂದೆ." ಡಾರ್ಕಸ್ ಸಂಕೋಚದಿಂದ ಲಂಗದ ಅಂಚಿಗೆ ಕೈ ಒರೆಸಿಕೊಂಡಳು. "ನೀವೇ ಹೇಳಿದ್ರಲ್ಲ, ಒಂದು ತೋಳು ಯಾವಾಗ್ಲೂ ಕೈಲಿರ್ಬೇಕು ಅಂತ. ಈಗ ನಿಮ್ಮನೇಲಿ... ಅದಕ್ಕೆ ನಮ್ಮವಳನ್ನ ಉಳಿಸಿದೀನಿ. ನಿಮ್ ಸರಪಣಿ ನಿಲ್ಲಬಾರದಲ್ಲ."

ಥರ್ಲೋ ಎದ್ದು ನಿಂತ ರಭಸಕ್ಕೆ ಪೆಟ್ಟಿಗೆ ಕೆಳಗೆ ಬಿತ್ತು. "ಏಳಮ್ಮಾ, ಕೂಸನ್ನ ಎತ್ಕೋ," ಎಂದು ಬಡಗಿಯ ಹೆಂಡತಿಗೆ ಹೇಳಿ, ಕಿರುಗತ್ತಿಯನ್ನಷ್ಟೇ ಹಿಡಿದುಕೊಂಡು, ಬರಿದಲೆಯಲ್ಲಿ ಬೀದಿಗಿಳಿದ.

"ಹಾಗಾದ್ರೆ ಮುಂದಿನ ವಾರಕ್ಕೆ ಯಾರು ಡಾಕ್ಟ್ರೇ?" ಡಾರ್ಕಸ್ ಹಿಂದೆ ಓಡುತ್ತ ಕೂಗಿದಳು. "ಯಾರೂ ಸಿಗದಿದ್ರೆ?"

"ಸಿಗದಿದ್ರೆ ಇಲ್ಲ. ನಿಂತು ಹೋಗ್ಲಿ."

ನಾಲ್ಕು ವರ್ಷದ ಕೆಜಿಯಾ ಚಾಕು ಕಂಡವಳೇ ಮೇಜಿನ ಕೆಳಗೆ ನುಗ್ಗಿದಳು. ಥರ್ಲೋ ಮಂಡಿಯೂರಿ, ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ತಾನೇ ಅವಳ ತೋಳು ಮಡಚಿದ. ಅವಳು ಒದ್ದಳು, ಅವನ ಕೈ ಕಚ್ಚಿದಳು, ಬೇಡ ಬೇಡ ಎಂದು ಮನೆ ಹಾರಿಹೋಗುವಂತೆ ಕಿರುಚಿದಳು. ಅವನು ಗೀರಿದ, ಬಡಗಿಯ ಕೂಸಿನ ಗುಳ್ಳೆಯಿಂದ ರಸ ತೆಗೆದು ಹಚ್ಚಿದ, ಮುಗಿದ ಮೇಲೂ ಆ ತೋಳನ್ನು ಬಿಡಲಿಲ್ಲ.

"ಅಳು ಮಗಾ, ಅಳು," ಎನ್ನುತ್ತಿದ್ದ. ಮಗಳು ಹೋದಾಗಿನಿಂದ ಒಂದು ಹನಿಯೂ ಹಾಕದಿದ್ದವನು, ಅವಳ ಜೊತೆಗೆ ತಾನೂ ಅಳುತ್ತಿದ್ದ.